ಗೂಳಪ್ಪನವರ ನಂಬರು

ರಾಷ್ಟ್ರಪತಿಗಳು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರೆ ಅವರ ಕೆಲಸ ಯಾರು ನೋಡುತ್ತಾರೆ ಎಂದು ಬಸವರಾಜೇಶ್ವರಿ ಕ್ಲಾಸಿನಲ್ಲಿ ಕೇಳಿದಳು. ಕೇಳಿದ ಮೇಲೆ ಉತ್ತರಕ್ಕೆ ಕಾಯುವುದನ್ನೇ ಮರೆತು, ಕಿಟಕಿಯಾಚೆ ಅತ್ತಿಗುಪ್ಪೆಯ ಕಡೆ ಹೋಗುತ್ತಿದ್ದ ಮೆಟ್ರೋ ರೈಲನ್ನು ಅದು ಕಣ್ಮರೆಯಾಗುವ ತನಕ ನೋಡಿದಳು. ಬೆಳಿಗ್ಗೆ ಬಸವೇಶ್ವರನಗರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮೊಬೈಲಿಗೆ ಬಂದ ಕಾಲೇಜು ನಡೆಸುವ ಟ್ರಸ್ಟಿನ ಪತ್ರವನ್ನು ಈಗಾಗಲೇ ನಾಲ್ಕು ಸಲ ಓದಿದ್ದಳು. ಸೋಮವಾರ ಹತ್ತು ಗಂಟೆಗೆ ಹೊಸ ಪ್ರಾಂಶುಪಾಲರು ಅಧಿಕಾರ ವಹಿಸಿಕೊಳ್ಳುತ್ತಾರೆ, ಪ್ರಭಾರದಲ್ಲಿರುವವರು ಕಡತಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ಆ ಹುದ್ದೆಗೆ ಅವಳೂ ಅರ್ಜಿ ಹಾಕಿದ್ದಳು. ಪತ್ರದಲ್ಲಿ ಆ ಮಾತಿರಲಿಲ್ಲ, ಅವಳ ಹೆಸರೂ ಇರಲಿಲ್ಲ. ಬರೀ ಪ್ರಭಾರದಲ್ಲಿರುವವರು. "ವೈಸ್ ಪ್ರೆಸಿಡೆಂಟ್ ಮೇಡಂ" ಎಂದು ಮುಂದಿನ ಬೆಂಚಿನಿಂದ ಯಾರೋ ಎರಡನೆಯ ಸಲ ಹೇಳಿದ ಮೇಲೆ ಅವಳು ಈಚೆಗೆ ಬಂದಳು. ಹೌದು, ಉಪರಾಷ್ಟ್ರಪತಿ. ಅವರು ಪ್ರಮಾಣವಚನ ತಗೊಂಡು ಹಂಗಾಮಿ ರಾಷ್ಟ್ರಪತಿಯಾಗುತ್ತಾರೆ. ಅಷ್ಟು ದಿನ ರಾಜ್ಯಸಭೆಯ ಸಭಾಪತಿಯ ಕೆಲಸ ಮಾಡುವ ಹಾಗಿಲ್ಲ. ಆರು ತಿಂಗಳೊಳಗೆ ಚುನಾವಣೆ ನಡೆದು ಹೊಸಬರು ಬರಬೇಕು. ಉಪರಾಷ್ಟ್ರಪತಿಯೂ ಇಲ್ಲದಿದ್ದರೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಅರವತ್ತೊಂಬತ್ತರಲ್ಲಿ ಹಾಗೂ ಆಯಿತು, ರಾಷ್ಟ್ರಪತಿ ತೀರಿಕೊಂಡರು, ಅವರ ಜಾಗದಲ್ಲಿದ್ದವರು ಚುನಾವಣೆಗೆ ನಿಲ್ಲುವುದಕ್ಕೆಂದು ರಾಜೀನಾಮೆ ಕೊಟ್ಟರು, ಒಂದು ತಿಂಗಳು ನಾಲ್ಕೈದು ದಿನ ಮುಖ್ಯ ನ್ಯಾಯಮೂರ್ತಿಗಳೇ ದೇಶದ ಕಾಗದಗಳಿಗೆಲ್ಲ ಸಹಿ ಹಾಕಿದರು. ಇದನ್ನೆಲ್ಲ ಇಪ್ಪತ್ತೇಳು ವರ್ಷದಿಂದ ಹೇಳುತ್ತ ಬಂದವಳಿಗೆ ನಾಲಿಗೆ ತಾನಾಗಿ ಓಡುತ್ತಿತ್ತು. ಸೆಮಿಸ್ಟರಿನ ಕೊನೆಯ ವಾರದ ರಿವಿಷನ್, ಹುಡುಗರಿಗೂ ಇದು ಬೇಕಾಗಿದ್ದದ್ದು ಎಂಟು ಮಾರ್ಕಿಗೆ.

"ಮೇಡಂ, ಹಂಗಾಮಿ ಅಂದ್ರೆ ಪವರ್ ಕಮ್ಮಿ ಇರುತ್ತಾ?" ಎಂದು ಆತ್ರೇಯ ಎದ್ದು ನಿಂತು ಕೇಳಿದ. ಅವನು ಸುಮ್ಮನೆ ಕೇಳುವ ಹುಡುಗನಲ್ಲ.

"ಇಲ್ಲಪ್ಪ. ಪೂರ್ತಿ ಅಧಿಕಾರ ಇರುತ್ತೆ. ಎಷ್ಟು ದಿನ ಅನ್ನೋದು ಮಾತ್ರ ಹಂಗಾಮಿ. ಕಾಗದ ಮುಂದೆ ಬಂದ್ರೆ ನಾನು ಹಂಗಾಮಿ, ಖಾಯಂ ಆದವರು ಬರ್ಲಿ ಅನ್ನೋ ಹಾಗಿಲ್ಲ." ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಎಪ್ಪತ್ತೇಳರಲ್ಲಿ ಆ ಜಾಗದಲ್ಲಿದ್ದವರು ನಮ್ಮ ಬಿಜಾಪುರದ ಕಡೆಯವರು, ಒಂಬತ್ತು ವಿಧಾನಸಭೆ ವಿಸರ್ಜಿಸುವ ಕಾಗದ ಬಂದಾಗ ಕೂಡಲೇ ಸಹಿ ಹಾಕದೆ ತಡೆದು, ಮಾರನೆಯ ದಿನ ಹಾಕಿದರು ಎಂದೂ ಸೇರಿಸಿದಳು. ಯಾಕೆ ಮೇಡಂ ತಡ ಮಾಡಿದ್ರು ಎಂದರೆ, ಯೋಚನೆ ಮಾಡ್ತಾ ಇದ್ರೇನೋ ಎಂದಳು. ಹಿಂದಿನ ಸಾಲಿನಿಂದ "ನಮ್ ಮೇಡಂ ಥರ" ಎಂದದ್ದು ಕೇಳಿಸಿತು, ಒಂದಿಬ್ಬರು ನಕ್ಕರು. ಕೇಳಿಸದವಳ ಹಾಗೆ ಬೋರ್ಡಿನ ಕಡೆ ತಿರುಗಿ, ಆಗಲೇ ಬರೆದಿದ್ದ ಅರವತ್ತೈದನೆಯ ವಿಧಿ ಎಂಬುದರ ಕೆಳಗೆ ಇನ್ನೊಂದು ಗೆರೆ ಎಳೆದಳು.

ಪ್ರಾಂಶುಪಾಲರಾಗಿದ್ದ ಗೂಳಪ್ಪನವರು ಸತ್ತು ಐದು ತಿಂಗಳಾಗಿತ್ತು. ಪ್ರಾಂಶುಪಾಲರ ಕೋಣೆಯಲ್ಲಿ ಅವರ ಕುರ್ಚಿ ಹಾಗೇ ಇತ್ತು. ಅಂದಿನಿಂದ ಪ್ರಭಾರದಲ್ಲಿದ್ದ ಅವಳು ಮೇಜಿನ ಪಕ್ಕಕ್ಕೆ ಸ್ಟಾಫ್ ರೂಮಿನ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಎಲ್ಲರೂ ಅದನ್ನು ಗೌರವ ಎಂದುಕೊಂಡಿದ್ದರು. ಅವಳೂ ಅಲ್ಲವೆನ್ನುತ್ತಿರಲಿಲ್ಲ. ಜನವರಿಯ ಆ ಗುರುವಾರ ಹನ್ನೊಂದು ಗಂಟೆಗೆ ಯಾವುದೋ ಸುತ್ತೋಲೆ ತೋರಿಸಲು ಬಂದಾಗ ಗೂಳಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸ್ವಲ್ಪ ಕೂತ್ಕೊಳ್ಳಿ ಮೇಡಂ, ಯಾಕೋ ಎದೆ ಹಿಂಡಿದ ಹಾಗಾಗ್ತಿದೆ" ಎಂದಿದ್ದರು. ಅವಳು ಕೂರಲಿಲ್ಲ. ಗ್ಯಾಸ್ ಇರಬೇಕು ಸಾರ್, ಬಿಸಿನೀರು ಕುಡೀರಿ, ನನಗೆ ಕ್ಲಾಸಿದೆ ಎಂದು ಬಂದುಬಿಟ್ಟಿದ್ದಳು. ಕ್ಲಾಸೇನೋ ಇತ್ತು, ಆದರೆ ಶುರುವಾಗಲು ಇನ್ನೂ ಹತ್ತು ನಿಮಿಷವಿತ್ತು. ಹಿಂದಿನ ವಾರದ ಸಭೆಯಲ್ಲಿ ಅವರು ಎಲ್ಲರೆದುರು ಅವಳ ಟೈಮ್‌ಟೇಬಲ್ಲನ್ನು ಹರಿದ ಜೋಳಿಗೆ ಎಂದಿದ್ದ ಸಿಟ್ಟು ಅವಳಲ್ಲಿ ಇನ್ನೂ ಆರಿರಲಿಲ್ಲ. ನಲವತ್ತು ನಿಮಿಷದ ಮೇಲೆ ಅಟೆಂಡರ್ ಕೆಂಚಪ್ಪ ಕೂಗಿಕೊಂಡದ್ದು. ಆಸ್ಪತ್ರೆಗೆ ಹೋಗುವ ಆಟೋದಲ್ಲಿ, ಮುಂದಿನ ಆಂಬುಲೆನ್ಸಿನ ಸದ್ದು ಕೇಳುತ್ತಿರುವಾಗಲೇ, ಅವಳ ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಒಂದೊಂದಾಗಿ ಓಡಿ ಯಾರು ಸೀನಿಯರ್ ಎಂದು ಲೆಕ್ಕ ಹಾಕಿತ್ತು. ಕಾಮರ್ಸಿನವರು ಹೋದ ವರ್ಷ ರಿಟೈರಾದರು, ಇತಿಹಾಸದವರು ತನಗಿಂತ ಎರಡು ವರ್ಷ ಚಿಕ್ಕವರು. ಬೆರಳು ಅಲ್ಲಿಗೆ ನಿಂತಿತ್ತು. ಇದು ಗಂಡನಿಗೂ ಗೊತ್ತಿಲ್ಲ.

ಅವಳಿಗೆ ನಿಜವಾಗಿ ಶಿಕ್ಷೆಯಾಗಿದ್ದದ್ದು ಓಟಿಪಿ. ಯೂನಿವರ್ಸಿಟಿಯ ಪೋರ್ಟಲ್ಲಿನಲ್ಲಿ ಪ್ರಾಂಶುಪಾಲರು ಏನನ್ನು ಒಪ್ಪಿಗೆ ಮಾಡಬೇಕಿದ್ದರೂ ಆರಂಕಿಯ ಓಟಿಪಿ ಗೂಳಪ್ಪನವರ ಮೊಬೈಲಿಗೆ ಹೋಗುತ್ತಿತ್ತು. ಖಾಯಂ ನೇಮಕದ ಆದೇಶ ಇಲ್ಲದೆ ನಂಬರು ಬದಲಿಸುವುದಿಲ್ಲ ಎಂದು ಅಲ್ಲಿಂದ ಉತ್ತರ ಬಂದಿತ್ತು. ಹಾಗಾಗಿ ಪ್ರತಿಸಲವೂ ಕೆಂಗೇರಿ ಉಪನಗರದಲ್ಲಿದ್ದ ಗೂಳಪ್ಪನವರ ಹೆಂಡತಿ ನೀಲಾಂಬಿಕೆಗೆ ಫೋನು ಮಾಡಬೇಕು. "ಅಕ್ಕಾ, ಒಂದು ಓಟಿಪಿ" ಎನ್ನಬೇಕು. ಆ ಹೆಂಗಸು ಗಂಡನ ಮೊಬೈಲನ್ನು ದಿನಾ ಚಾರ್ಜು ಮಾಡಿಟ್ಟಿರುತ್ತಿದ್ದಳು. "ಬಂತು ಮೇಡಂ, ಬರ್ಕೊಳ್ಳಿ" ಎಂದು ಒಂದೊಂದೇ ಅಂಕಿ ಓದಿ ಹೇಳುವಳು. ಅದರ ಹಿಂದೆ ಮುಂದೆ ಒಂದು ಮಾತಿಲ್ಲ. ಇದನ್ನು ಕಡಿಮೆ ಮಾಡುವುದಕ್ಕೆಂದೇ ಬಸವರಾಜೇಶ್ವರಿ ತೀರಾ ಗಡುವಿರುವುದನ್ನು ಮಾತ್ರ ಒಪ್ಪಿಗೆ ಮಾಡಿ, ಉಳಿದದ್ದನ್ನು ಖಾಯಂ ಆದವರು ಬಂದು ನೋಡಲಿ ಎಂದು ಎಡಗಡೆ ಪೇರಿಸುತ್ತ ಬಂದಿದ್ದಳು. ಜನ ಅದನ್ನು ಹೆದರಿಕೆ ಎಂದುಕೊಂಡರು. ಹೆದರಿಕೆಯೇ ಇರಬಹುದು, ಆದರೆ ಅವರು ಅಂದುಕೊಂಡದ್ದರದ್ದಲ್ಲ.

ಹನ್ನೆರಡೂವರೆಗೆ ಇಂಚರಾ ಬಾಗಿಲಲ್ಲಿ ನಿಂತಳು. ಮೂರನೆಯ ಸಾಲಿನಲ್ಲಿ ಕೂರುವ, ಬೆಳಿಗ್ಗೆ ನಗದೆ ಇದ್ದ ಹುಡುಗಿ. ಅಟೆಂಡೆನ್ಸ್ ಶಾರ್ಟೇಜಿನ ಪಟ್ಟಿಯಲ್ಲಿ ಅವಳ ಹೆಸರಿತ್ತು, ಅರವತ್ತಾರು ಪರ್ಸೆಂಟು. ಎಪ್ಪತ್ತೈದಿಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಸಕಾರಣವಿದ್ದರೆ ಹತ್ತರವರೆಗಿನ ಕೊರತೆಯನ್ನು ಪ್ರಾಂಶುಪಾಲರು ಮನ್ನಾ ಮಾಡಬಹುದು, ಕಂಡೊನೇಷನ್ ಅಂತ. ಅದಕ್ಕೆ ಕೊನೆಯ ದಿನ ಇವತ್ತು, ಐದು ಗಂಟೆ.

"ಹುಷಾರಿರ್ಲಿಲ್ವಾ? ಡಾಕ್ಟರ್ ಸರ್ಟಿಫಿಕೇಟ್ ಎಲ್ಲಿ?"

"ನನಗೇನೂ ಆಗಿರ್ಲಿಲ್ಲ ಮೇಡಂ. ಅಮ್ಮಂಗೆ ಗರ್ಭಕೋಶದ ಆಪರೇಷನ್ ಆಯ್ತು. ಕಾಮಾಕ್ಷಿಪಾಳ್ಯದಲ್ಲಿ ಗಾರ್ಮೆಂಟ್ಸಿಗೆ ಹೋಗ್ತಾರೆ, ಕಾಲರ್ ಹೊಲಿಯೋದು. ಎರಡು ತಿಂಗಳು ಬರಲ್ಲ ಅಂದ್ರೆ ಮಿಷನ್ನಿಗೆ ಬೇರೆಯವರನ್ನ ಕೂರಿಸ್ತೀವಿ ಅಂದ್ರು. ಅದಕ್ಕೆ ನಾನೇ ಹೋಗಿ ಕೂತೆ."

"ನೀನಾ? ಕೆಲಸ ಬರುತ್ತಾ?"

"ಮೊದಲ ವಾರ ಬೈಸ್ಕೊಂಡೆ. ಆಮೇಲೆ ಬಂತು. ಅಲ್ಲಿ ಅಟೆಂಡೆನ್ಸ್ ಅಮ್ಮನ ಹೆಸರಿಗೇ ಬೀಳ್ತಿತ್ತು ಮೇಡಂ. ಇಲ್ಲಿ ನಂದು ಹೋಯ್ತು." ಹುಡುಗಿ ಇದನ್ನು ಅಳದೆ, ನಗದೆ ಹೇಳಿದಳು. ಅರ್ಜಿಯಲ್ಲಿ ಹಾಗೆ ಬರೆದರೆ ಅಮ್ಮನ ಕೆಲಸಕ್ಕೇ ಕುತ್ತು ಬರುತ್ತದೆ, ಸುಳ್ಳು ಸರ್ಟಿಫಿಕೇಟ್ ತರಲು ಮನಸ್ಸಿಲ್ಲ, ಅದಕ್ಕೇ ಬರೀ ಮನೆಯ ಕಾರಣ ಎಂದು ಬರೆದಿದ್ದೇನೆ ಎಂದಳು.

ಬಸವರಾಜೇಶ್ವರಿ ಎಡಗಡೆಯ ಪೇರಿಕೆಯತ್ತ ನೋಡಿದಳು. "ನೋಡಮ್ಮ, ನಾನು ಬರೀ ಇನ್‌ಚಾರ್ಜು. ಸೋಮವಾರ ಹೊಸಬರು ಬರ್ತಾರೆ..." ಹೇಳುತ್ತಿದ್ದ ಹಾಗೇ ತನ್ನ ದನಿ ತನಗೇ ಕೇಳಿಸಿತು. ಹುಡುಗಿ ತಲೆ ತಗ್ಗಿಸಿ, "ಬೆಳಿಗ್ಗೆ ನೀವೇ ಹೇಳಿದ್ರಲ್ಲ ಮೇಡಂ" ಎಂದಳು. ಎದುರುತ್ತರ ಕೊಟ್ಟಂತೆ ಇರಲಿಲ್ಲ. ಪಾಠವನ್ನು ತಾನು ಸರಿಯಾಗಿ ಕೇಳಿಸಿಕೊಂಡಿಲ್ಲವೇನೋ ಎಂಬ ಅನುಮಾನ ಆ ಮಾತಿನಲ್ಲಿತ್ತು. ಬೈಯುವಂತಾಗಿದ್ದರೆ ಸುಲಭವಾಗುತ್ತಿತ್ತು. ಅರ್ಜಿ ಇಟ್ಟು ಹೋಗು, ನೋಡ್ತೀನಿ ಎಂದಳು.

ಒಂದು ಮಾತು ಕೇಳಿಬಿಡೋಣ ಎಂದು ಅವಳು ಫೋನು ಮಾಡಿದಾಗ ಟ್ರಸ್ಟಿನ ಕಾರ್ಯದರ್ಶಿ ಚನ್ನವೀರೇಶ್ ನಗುತ್ತಲೇ ಮಾತಾಡಿದರು. ಅವರು ಯಾವಾಗಲೂ ಹಾಗೇ. "ಮೇಡಂ, ಹೋಗ್ತಾ ಹೋಗ್ತಾ ಯಾಕೆ ಇದಕ್ಕೆಲ್ಲ ಕೈ ಹಾಕ್ತೀರಿ? ಒಬ್ಬಳಿಗೆ ಮಾಡಿದ್ರೆ ನಾಳೆ ಹತ್ತು ಜನ ಬರ್ತಾರೆ. ಐದು ತಿಂಗಳು ಎಷ್ಟು ಚೆನ್ನಾಗಿ, ಯಾರ ತಂಟೆಗೂ ಹೋಗದೆ ನಡೆಸಿಕೊಂಡು ಬಂದ್ರಿ."

"ಇವತ್ತೇ ಕೊನೇ ದಿನ ಸಾರ್. ಒಂದು ವರ್ಷ ಹೋಗುತ್ತೆ ಹುಡುಗೀದು."

"ಅದು ಅವಳ ಹಣೆಬರಹ. ನೀವು ಫೈಲ್ ರೆಡಿ ಮಾಡಿಟ್ಕೊಳ್ಳಿ, ಸಾಕು." ಫೋನಿಡುವ ಮುನ್ನ ಇನ್ನೊಂದು ಮಾತು ಸೇರಿಸಿದರು. ಗೂಳಪ್ಪನವರ ಮನೆಗೂ ಬೆಳಿಗ್ಗೆ ಹೇಳಿಯಾಗಿದೆ, ಸೋಮವಾರದಿಂದ ನಂಬರು ಬದಲಾಗುತ್ತೆ, ಇನ್ನು ಅವರಿಗೆ ತೊಂದರೆ ಇಲ್ಲ ಅಂತ.

ಯಾರ ತಂಟೆಗೂ ಹೋಗದೆ. ಊಟದ ಡಬ್ಬಿ ತೆಗೆದು, ಮುಚ್ಚಿ, ಆ ಮಾತನ್ನೇ ಅವಳು ಅತ್ತಿತ್ತ ತಿರುಗಿಸಿ ನೋಡಿದಳು. ಅದು ಹೊಗಳಿಕೆಯಾಗಿತ್ತು ಎಂಬುದೇ ಹೆಚ್ಚು ಚುಚ್ಚಿತು. ಒಂದೂ ಮುಕ್ಕಾಲಿಗೆ ನೀಲಾಂಬಿಕೆಗೆ ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಎರಡಕ್ಕೆ, ಎರಡೂವರೆಗೆ, ಮೂರಕ್ಕೆ. ಗೂಳಪ್ಪನವರ ನಂಬರಿಗೇ ಮಾಡಿದಳು. ಸತ್ತವರ ಹೆಸರು ಪರದೆಯ ಮೇಲೆ ಬೆಳಗಿ, ಅದೂ ರಿಂಗಾಗಿ ನಿಂತಿತು. ಪ್ರಯತ್ನ ಮಾಡಿದೆ ಎಂದು ಹೇಳಿಕೊಳ್ಳಲು ಇಷ್ಟು ಸಾಕು ಎಂದು ಒಂದು ಗಳಿಗೆ ಹಗುರವೂ ಆಯಿತು. ಆ ಹಗುರವನ್ನು ಅವಳು ಬಲ್ಲಳು, ಜನವರಿಯಲ್ಲಿ ಆ ಕೋಣೆಯ ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡಾಗಲೂ ಹೀಗೇ ಆಗಿತ್ತು. ಬ್ಯಾಗು ತೆಗೆದುಕೊಂಡು, "ಕೆಂಗೇರಿಗೆ ಹೋಗಿ ಬರ್ತೀನಿ" ಎಂದಳು. ಕೆಂಚಪ್ಪ ಅಭ್ಯಾಸಬಲದಿಂದ "ಸಾಹೇಬ್ರ ರೂಮು ಬೀಗ ಹಾಕ್ಲಾ ಮೇಡಂ" ಎಂದು ಕೇಳಿದ.

ಮೆಟ್ರೋದಲ್ಲಿ ಸೀಟಿತ್ತು, ಕೂರಲಿಲ್ಲ. ಮೈಸೂರು ರಸ್ತೆಯ ಹತ್ತಿರ ವೃಷಭಾವತಿಯ ವಾಸನೆ ಮುಚ್ಚಿದ ಬಾಗಿಲೊಳಗೂ ಬಂತು. ಐದು ತಿಂಗಳಲ್ಲಿ ಅವಳು ಆ ಮನೆಗೆ ಹೋದದ್ದು ಒಂದೇ ಸಲ, ಹನ್ನೊಂದನೆಯ ದಿನ, ಸ್ಟಾಫಿನ ಗುಂಪಿನ ಜೊತೆ. ಅಂದು ಯಾರೋ ಕೇಳಿದ್ದಕ್ಕೆ "ನಾನು ಬರೋವಾಗ ಸಾರ್ ಚೆನ್ನಾಗೇ ಇದ್ರು" ಎಂದಿದ್ದಳು. ಆಮೇಲೆ ಅದೇ ಎಲ್ಲರ ಬಾಯಲ್ಲೂ ನಿಂತು, ಕಾಲೇಜಿನ ಶ್ರದ್ಧಾಂಜಲಿಯಲ್ಲಿ ಅಚ್ಚಾಗಿತ್ತು: ಕೊನೆಯ ಗಳಿಗೆಯವರೆಗೂ ನಗುನಗುತ್ತ ಕರ್ತವ್ಯದಲ್ಲಿದ್ದರು. ಬಸ್ ಟರ್ಮಿನಲ್ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿದಾಗ ನಾಲ್ಕು ಗಂಟೆ.

ನೀಲಾಂಬಿಕೆ ಮನೆಯಲ್ಲೇ ಇದ್ದಳು. ಬಾಗಿಲು ತೆಗೆದು, ಆಶ್ಚರ್ಯಪಡದೆ, ಬನ್ನಿ ಎಂದಳು. ಟೀವಿಯ ಪಕ್ಕದ ಸ್ಟೂಲಿನ ಮೇಲೆ ಗೂಳಪ್ಪನವರ ಮೊಬೈಲು ಚಾರ್ಜಿಗೆ ಬಿದ್ದಿತ್ತು. "ನಿಮ್ಮ ಫೋನ್ ಬಂದಿದ್ದು ನೋಡ್ದೆ ಮೇಡಂ. ಎತ್ತೋಕೆ ಮನಸ್ಸಾಗ್ಲಿಲ್ಲ. ಸೋಮವಾರದಿಂದ ತೊಂದರೆ ಇಲ್ಲ ಅಂತ ಹೇಳಿದ್ರು. ತೊಂದರೆ ಅಂತ ನಾನ್ಯಾವತ್ತು ಅಂದಿದ್ದೆ? ಆ ಫೋನಿಗೆ ಅದೊಂದೇ ಬರ್ತಾ ಇದ್ದಿದ್ದು."

ಬಸವರಾಜೇಶ್ವರಿ ಹುಡುಗಿಯ ವಿಷಯವನ್ನು ಹೇಳಿದಳು, ಕಾಲರು, ಆಪರೇಷನ್ನು, ಐದು ಗಂಟೆಯ ಗಡುವು. ನೀಲಾಂಬಿಕೆ ಎಲ್ಲ ಕೇಳಿಸಿಕೊಂಡು, ಮೊಬೈಲನ್ನು ಚಾರ್ಜರಿನಿಂದ ಬಿಡಿಸಿ ತೊಡೆಯ ಮೇಲಿಟ್ಟುಕೊಂಡು, ಕಳಿಸಿ ಎಂದಳು. ಬಸವರಾಜೇಶ್ವರಿಗೆ ತನ್ನ ಫೋನಿನ ಪುಟ್ಟ ಪರದೆಯಲ್ಲಿ ಪೋರ್ಟಲ್ ತೆರೆಯಲು ಹತ್ತು ನಿಮಿಷ ಹಿಡಿಯಿತು. ಇಂಚರಾಳ ರಿಜಿಸ್ಟರ್ ನಂಬರು ಹುಡುಕಿ, ಕಾರಣದ ಜಾಗದಲ್ಲಿ 'ಕುಟುಂಬದ ಅನಿವಾರ್ಯತೆ, ಖುದ್ದು ವಿಚಾರಿಸಲಾಗಿದೆ' ಎಂದು ಬರೆದು, ಗುಂಡಿ ಒತ್ತಿದಳು. ಐದು ನಿಮಿಷದ ಗಡಿಯಾರ ಪರದೆಯಲ್ಲಿ ಇಳಿಯತೊಡಗಿತು. ನೀಲಾಂಬಿಕೆಯ ತೊಡೆಯ ಮೇಲೆ ಮೊಬೈಲು ಟಿಣ್ ಎಂದಿತು. ಅವಳು ಅದನ್ನು ನೋಡಲಿಲ್ಲ.

"ಅವತ್ತು ಅವರ ರೂಮಿನಲ್ಲಿ ಕೊನೆಗೆ ಇದ್ದಿದ್ದು ನೀವಂತೆ. ಕೇಳ್ಬೇಕು ಅಂತ ಪ್ರತಿ ಸಲ ಅಂದ್ಕೊತೀನಿ. ನಂಬರ್ ಹೇಳೋ ಹೊತ್ತಲ್ಲಿ ಹೆಂಗೆ ಕೇಳೋದು? ಏನಾದ್ರೂ ಹೇಳಿದ್ರಾ?"

ಚೆನ್ನಾಗೇ ಇದ್ರು ಎಂಬ ಮಾತು ಸಿದ್ಧವಾಗಿ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದರೆ ನಂಬರು ಬರುತ್ತಿತ್ತು, ಹುಡುಗಿಯ ಕೆಲಸವೂ ಆಗುತ್ತಿತ್ತು. ಒಂದು ಒಳ್ಳೆಯ ಕೆಲಸಕ್ಕಾಗಿಯೇ ಹೇಳಿದಂತೆಯೂ ಆಗುತ್ತಿತ್ತು. "ಕೂತ್ಕೊಳ್ಳಿ ಅಂದ್ರು ಅಕ್ಕಾ" ಎಂದಳು. "ಎದೆ ಹಿಂಡ್ತಾ ಇದೆ, ಸ್ವಲ್ಪ ಕೂತ್ಕೊಳ್ಳಿ ಅಂದ್ರು. ನಾನು ಗ್ಯಾಸ್ ಇರಬೇಕು ಅಂತ ಹೇಳಿ ಹೊರಟುಬಂದೆ. ಹತ್ತು ನಿಮಿಷ ಕೂರಬಹುದಿತ್ತು. ಅವರ ಮೇಲೆ ಸಿಟ್ಟಿತ್ತು ನನಗೆ."

ಹೊರಗೆ ತರಕಾರಿ ಗಾಡಿಯ ಮೈಕು ಟೊಮೇಟೊ, ಬೀನ್ಸು ಎಂದು ಕೂಗಿಕೊಂಡು ರಸ್ತೆಯ ತುದಿಗೆ ಹೋಯಿತು, ತಿರುಗಿ ಬಂತು. "ಆಮೇಲೆ ಎಷ್ಟು ಹೊತ್ತು ಒಬ್ಬರೇ ಇದ್ರು?" ಎಂದು ನೀಲಾಂಬಿಕೆ ಕೇಳಿದಳು.

"ನಲವತ್ತು ನಿಮಿಷ."

ಆಟೋದಲ್ಲಿ ಬೆರಳೆಣಿಸಿದ್ದನ್ನೂ ಹೇಳಬೇಕು ಎಂದುಕೊಂಡಳು, ಬಾಯಿ ಬರಲಿಲ್ಲ. ಅಷ್ಟನ್ನು ಉಳಿಸಿಕೊಂಡಳು. ನೀಲಾಂಬಿಕೆಯ ಹೆಬ್ಬೆರಳು ಮೊಬೈಲಿನ ಮೂಲೆಯ ಬಿರುಕನ್ನು ಸವರುತ್ತಿತ್ತು. ಬಸವರಾಜೇಶ್ವರಿಯ ಕೈಯಲ್ಲಿ ಗಡಿಯಾರ ಇಳಿದು ಇಳಿದು ಸೊನ್ನೆಗೆ ಬಂದು, ಸಮಯ ಮೀರಿದೆ ಎಂಬ ಕೆಂಪು ಸಾಲು ಮೂಡಿತು. ಅವಳು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಹೇಳುವುದು? ಗೋಡೆಯ ಗಡಿಯಾರದಲ್ಲಿ ನಾಲ್ಕು ಮೂವತ್ತೆಂಟು. ನೀಲಾಂಬಿಕೆ ಎದ್ದು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು, ಬಹಳ ಹೊತ್ತು. ಮೊಬೈಲನ್ನೂ ಅವಳು ಜೊತೆಗೇ ಒಯ್ದಿದ್ದಳು. ಎದ್ದು ಹೋಗಿಬಿಡಲೇ, ಹೇಳದೆ ಹೋಗುವುದು ಇನ್ನೊಂದು ತಪ್ಪಾಗುತ್ತದೆಯೇ ಎಂದು ಬಸವರಾಜೇಶ್ವರಿ ಚೀಲದ ಜಿಪ್ಪು ಎಳೆಯುತ್ತ, ಬಿಡುತ್ತ ಕೂತಳು. ಕೂತೇ ಇದ್ದಳು. ನೀಲಾಂಬಿಕೆ ಮುಖ ಒರೆಸಿಕೊಂಡು ಬಂದು ಬಾಗಿಲಿಗೆ ಒರಗಿ ನಿಂತು, "ಟೈಮ್ ಆಗಿರ್ಬೇಕು. ಇನ್ನೊಂದ್ಸಲ ಒತ್ತಿ" ಎಂದಳು.

ಒತ್ತಿದಳು. ನೀಲಾಂಬಿಕೆ ನಿಂತೇ ಓದಿದಳು, ಎಂದಿನ ಹಾಗೆ ಒಂದೊಂದೇ ಅಂಕಿ. ಒಪ್ಪಿಗೆ ಆಯಿತು. ಕಾಫಿ ತಗೋತೀರಾ ಎಂದು ಕೇಳಲಿಲ್ಲ, ಗೇಟಿನವರೆಗೂ ಬರಲಿಲ್ಲ. "ಇನ್ನೂ ಏನಾದ್ರೂ ಸಹಿ ಬಾಕಿ ಇದ್ರೆ ನಾಳೆ ಮಾಡಿ. ಎತ್ತುತೀನಿ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು.

ವಾಪಸು ಬರುವಾಗ ಪಟ್ಟಣಗೆರೆ ಸ್ಟೇಷನ್ ದಾಟುತ್ತಿದ್ದಂತೆ ಚನ್ನವೀರೇಶರ ಫೋನು. ಈಗ ನಗುವಿರಲಿಲ್ಲ. "ಆ ಕಂಡೊನೇಷನ್ ಯಾರು ಮಾಡಿದ್ದು?" ನಾನೇ ಸಾರ್ ಎಂದಳು. "ಬರವಣಿಗೆಯಲ್ಲಿ ಕೊಡಬೇಕಾಗುತ್ತೆ." ಕೊಡ್ತೀನಿ ಸಾರ್ ಎಂದಳು. ಪಕ್ಕದಲ್ಲಿ ನಿಂತಿದ್ದವರು ತಿರುಗಿ ನೋಡುವಷ್ಟು ದನಿ ಜೋರಾಗಿತ್ತೋ ಏನೋ. ಧೈರ್ಯ ಬಂತೆಂದು ಅವಳಿಗೇನೂ ಅನ್ನಿಸಲಿಲ್ಲ. ಹಸಿವಾಗಿತ್ತು, ಬ್ಯಾಗಿನಲ್ಲಿ ಮುಚ್ಚಿದ ಡಬ್ಬಿ ಹಾಗೇ ಇತ್ತು.

ಶನಿವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಎಡಗಡೆಯ ಪೇರಿಕೆಯನ್ನು ಬಿಚ್ಚಿದಳು. ಒಬ್ಬ ಹುಡುಗನ ತಂದೆಯ ಹೆಸರಿನ ಕಾಗುಣಿತ ತಿದ್ದುಪಡಿ, ಗೆಸ್ಟ್ ಲೆಕ್ಚರರ್ ಒಬ್ಬಳ ಅನುಭವ ಪತ್ರ, ಬೇರೆ ಕಾಲೇಜಿಗೆ ಹೋಗಬೇಕೆಂದು ಮಾರ್ಚಿನಿಂದ ಕಾಯುತ್ತಿದ್ದವನ ವರ್ಗಾವಣೆ, ಹೀಗೆ ಏಳು. ತಿಂಗಳುಗಟ್ಟಲೆ ಕೂತಿದ್ದವು ಒಂದೊಂದೂ ಮೂರು ನಾಲ್ಕು ನಿಮಿಷದ ಕೆಲಸ. ಪ್ರತಿಯೊಂದಕ್ಕೂ ಫೋನು. ಪ್ರತಿಸಲವೂ ಎರಡನೆಯ ರಿಂಗಿಗೆ ನೀಲಾಂಬಿಕೆ ಎತ್ತಿದಳು, ಬಂತು, ಬರ್ಕೊಳ್ಳಿ ಎಂದಳು. ನಡುವೆ ಒಮ್ಮೆ ನೆಟ್‌ವರ್ಕ್ ಕೈಕೊಟ್ಟಾಗ ಇಬ್ಬರೂ ಫೋನು ಇಡದೆ ಹಿಡಿದುಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಕೊನೆಯದು ಉಳಿಯಿತು.

"ಇದೇ ಕೊನೇದಾ?"

"ಹೌದು ಅಕ್ಕಾ."

ಆಚೆ ಕುಕ್ಕರು ಒಂದು ಸಲ ಕೂಗಿ ನಿಂತಿತು. ನೀಲಾಂಬಿಕೆ ಅಂಕಿಗಳನ್ನು ಓದಿದಳು. ಬಸವರಾಜೇಶ್ವರಿ ಒತ್ತಿದಳು, ಹಸಿರು ಸಾಲು ಬಂತು. ಆಯ್ತು ಎಂದಳು. ಇನ್ನು ಕಟ್ ಆಗುತ್ತದೆ ಎಂದು ಕಾದಳು, ಆಗಲಿಲ್ಲ. ತಾನೇ ಏನಾದರೂ ಹೇಳಬೇಕೇ ಎಂದು ಮಾತು ಹುಡುಕುತ್ತಿರುವಾಗ ಆಚೆಯಿಂದ ನೀಲಾಂಬಿಕೆ ಕೇಳಿದಳು:

"ಆ ಹುಡುಗಿಗೆ ಹಾಲ್ ಟಿಕೆಟ್ ಬಂತಾ ಮೇಡಂ?"

"ಬಂತು ಅಕ್ಕಾ. ಬೆಳಿಗ್ಗೆ ಬಂದು ತಗೊಂಡು ಹೋದಳು."

"ಹ್ಞೂಂ" ಎಂದಳು ನೀಲಾಂಬಿಕೆ. ಆಮೇಲೆ, "ಅವಳಮ್ಮ ಇನ್ನೂ ಭಾರ ಎತ್ತಬಾರ್ದು ಅಂತ ಹೇಳಿ. ಆರು ತಿಂಗಳಾದ್ರೂ ಬೇಕು ಅದಕ್ಕೆ" ಎಂದು ಫೋನಿಟ್ಟಳು.